ಗಲ್ಲಿ ರಾಕ್ ಬ್ಯಾಂಡಿನ ಅಭಾವ ಪ್ರಕರಣ

ಮೊದಲು ಲಕ್ಷಣ. ಹಾಡು ಬರುವ ಮೊದಲೇ ಹೆಸರಿಟ್ಟುಕೊಂಡ ನಾಲ್ವರ ಗುಂಪಿಗೆ ರಾಕ್ ಬ್ಯಾಂಡ್ ಎಂದು ಹೆಸರು. ಇದಕ್ಕೆ ಅತಿವ್ಯಾಪ್ತಿ ದೋಷವಿದೆಯೆಂದು ಪೂರ್ವಪಕ್ಷಿ ತಕರಾರು ತೆಗೆಯುತ್ತಾನೆ: ಕಥೆಯೇ ಇಲ್ಲದೆ ಫಿಲ್ಮ್ ಚೇಂಬರಿಗೆ ಹೋಗಿ ಟೈಟಲ್ ರಿಜಿಸ್ಟರ್ ಮಾಡಿಸಿಕೊಂಡು ಬರುವ ಗಾಂಧಿನಗರದ ನಿರ್ಮಾಪಕರಿಗೂ ಇದು ಹೊಂದುತ್ತದಲ್ಲ? ತಕರಾರು ಯುಕ್ತವೇ. ಆದ್ದರಿಂದ ‘ಕಪ್ಪು ಟೀಶರ್ಟು ತೊಟ್ಟ’ ಎಂಬ ವಿಶೇಷಣ ಸೇರಿಸತಕ್ಕದ್ದು. ಬಿಳಿ ಪ್ಯಾಂಟು, ಬಿಳಿ ಶರ್ಟಿನ ನಿರ್ಮಾಪಕರು ಅಲ್ಲಿಗೆ ಹೊರಬಿದ್ದರು. ಮಾಲೆ ಹಾಕಿದ ಅಯ್ಯಪ್ಪ ಸ್ವಾಮಿಗಳು ಕಪ್ಪು ಬಟ್ಟೆ, ಗಡ್ಡ ಎರಡನ್ನೂ ಹೊಂದಿದ್ದರೂ ಅವರಿಗೆ ಹಾಡು ಮೊದಲೇ ಬಾಯಿಗೆ ಬರುತ್ತದೆ. ಹಾಗಾಗಿ ಅವರ ಚಿಂತೆಯೂ ಇಲ್ಲ.

ಪ್ರಸ್ತುತ ಪ್ರಬಂಧ ಬೆಂಗಳೂರಿನ ಬಡಾವಣೆಗಳಿಗೂ, ಫ್ರೀಡಂ ಜ್ಯಾಮ್ ಎಂಬ ಸಂಗೀತೋತ್ಸವ ಶುರುವಾದ 1996ರಿಂದ ಐರನ್ ಮೇಡನ್ ಬ್ಯಾಂಡು ಅರಮನೆ ಮೈದಾನಕ್ಕೆ ಬಂದಿಳಿದ 2007ರವರೆಗಿನ ಕಾಲಕ್ಕೂ ಸೀಮಿತ. ಆಮೇಲೆ ಯೂಟ್ಯೂಬಿನಲ್ಲಿ ಎಲ್ಲರೂ ಎಲ್ಲರಿಗೂ ಪಾಠ ಹೇಳತೊಡಗಿ, ಅಜ್ಞಾನದ ಶುದ್ಧ ಮಾದರಿಗಳು ಸಂಶೋಧಕರಿಗೆ ದುರ್ಲಭವಾದವು.

ನಮ್ಮ ಸಿದ್ಧಾಂತವಿಷ್ಟು: ಬ್ಯಾಂಡ್ ಆಗುವುದು ಇರುವ ವಸ್ತುಗಳಿಂದಲ್ಲ, ಇಲ್ಲದ ವಸ್ತುಗಳಿಂದ. ದ್ರವ್ಯ, ಗುಣ, ಕರ್ಮ ಎಂದು ಎಣಿಸುತ್ತ ಹೋಗುವ ವೈಶೇಷಿಕರು ಏಳನೆಯ ಪದಾರ್ಥವಾಗಿ ‘ಇಲ್ಲ’ ಎಂಬುದನ್ನೇ ಒಪ್ಪಿದ್ದಾರೆ. ಅದಕ್ಕೆ ಅಭಾವವೆಂದು ಹೆಸರು, ನಾಲ್ಕು ಬಗೆ. ಅವರು ಉದಾಹರಣೆಗೆ ಮಡಕೆ ಹಿಡಿದರು, ನಾವು ಆಂಪ್ಲಿಫೈಯರ್ ಹಿಡಿಯೋಣ.

ಹುಟ್ಟುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ. ಆಂಪ್ಲಿಫೈಯರ್ ಇನ್ನೂ ಹುಟ್ಟದ ಕಾಲದಲ್ಲಿ ಅಪ್ಪನ ಟೇಪ್‌ರೆಕಾರ್ಡರಿನ ಮೈಕ್ ಸಾಕೆಟ್ಟಿಗೆ ಗಿಟಾರಿನ ವೈರು ಚುಚ್ಚಲಾಗುತ್ತದೆ. ವಾರ ಕಳೆಯುವುದರೊಳಗೆ ಸ್ಪೀಕರ್ ಹರಿದು ಗೊರಗೊರ ಸದ್ದು ಹೊರಡುತ್ತದೆ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವೀಸ್ ಸ್ಪೀಕರಿನ ಕೋನನ್ನು ಬ್ಲೇಡಿನಿಂದ ಸೀಳಿ ಇಂಥದ್ದೇ ಸದ್ದು ಪಡೆದು ಜಗತ್ಪ್ರಸಿದ್ಧನಾದ. ಅವನದು ಸಂಕಲ್ಪ, ನಮ್ಮವರದು ಪ್ರಾರಬ್ಧ. ಫಲ ಒಂದೇ. ಅವನಪ್ಪ ಏನೆಂದರೋ ಗ್ರಂಥಸ್ಥವಾಗಿಲ್ಲ. ನಮ್ಮವನಪ್ಪ ಎಂದದ್ದು ಗ್ರಂಥಸ್ಥವಾಗುವಂಥದ್ದಲ್ಲ.

ಈ ಗೊರಗೊರದಲ್ಲಿ ಗಾಂಧಾರ ಬೆರೆಸಿದರೆ ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೆಸರಾಗುತ್ತವೆ. ಆದ್ದರಿಂದ ಕಲಿಕೆಯ ಹುಡುಗರು ಷಡ್ಜ, ಪಂಚಮ ಎರಡನ್ನೇ ಒತ್ತಿ ಹಿಡಿದು ಪವರ್ ಕಾರ್ಡ್ ಎನ್ನುತ್ತಾರೆ. ಇದನ್ನು ಬಡತನವೆಂದು ಹಳಿಯುವವರು 17ನೇ ಶತಮಾನದ ವೆಂಕಟಮಖಿಯನ್ನು ಓದಿಲ್ಲ. ಅವನ ಎಪ್ಪತ್ತೆರಡು ಮೇಳಗಳಲ್ಲಿ ಉಳಿದ ಸ್ವರಗಳೆಲ್ಲ ಜಾಗ ಬದಲಿಸಿದರೂ ಸ ಮತ್ತು ಪ ಅಲುಗುವುದಿಲ್ಲ. ಅಂದಮೇಲೆ ಸ-ಪ ಮಾತ್ರ ನುಡಿಸುವವನು ಎಪ್ಪತ್ತೆರಡೂ ಮೇಳಗಳನ್ನು ಏಕಕಾಲಕ್ಕೆ ನುಡಿಸುತ್ತಿದ್ದಾನೆ ಎಂದಾಯಿತು. ಪಕ್ಕದ ರಸ್ತೆಯ ಸಂಗೀತದ ಮೇಷ್ಟ್ರು ಈ ನಿರ್ಣಯವನ್ನು ಒಪ್ಪಲಿಲ್ಲ. ಕಿಟಕಿ ಹಾಕಿಕೊಂಡರು. ಮೌನಂ ಸಮ್ಮತಿ ಲಕ್ಷಣಂ.

ಇನ್ನು ಮೊದಲ ಪಾಠ. ಗಿಟಾರ್ ಹಿಡಿದ ಪ್ರತಿಯೊಬ್ಬನೂ ಸರಳೆ-ಜಂಟಿಯ ಜಾಗದಲ್ಲಿ ಡೀಪ್ ಪರ್ಪಲ್‌ನವರ 1972ರ ‘ಸ್ಮೋಕ್ ಆನ್ ದ ವಾಟರ್’ ಬಾರಿಸುವುದೇಕೆ? ಸುಲಭವೆಂದೇ? ಅಲ್ಲ. ಇಲ್ಲೊಂದು ನ್ಯಾಯಶಾಸ್ತ್ರೀಯ ಗುಟ್ಟಿದೆ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಅಡುಗೆಮನೆಯಂತೆ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ, ಸರೋವರದಂತೆ ಎಂಬುದು ತರ್ಕಸಂಗ್ರಹದ ಅನ್ನಂಭಟ್ಟನಾದಿಯಾಗಿ ಎಲ್ಲರ ಮತ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಫ್ರಾಂಕ್ ಜಾಪಾ ಎಂಬ ರಾಕ್ ಸಂಗೀತಗಾರನ ಕಛೇರಿ ನಡೆಯುತ್ತಿದ್ದಾಗ ಕ್ಯಾಸಿನೋಗೆ ಬೆಂಕಿ ಬಿತ್ತು. ಅಲ್ಲಿ ರೆಕಾರ್ಡಿಂಗಿಗೆಂದು ಬಂದಿದ್ದ ಡೀಪ್ ಪರ್ಪಲ್‌ನವರು ಜಿನೀವಾ ಸರೋವರದ ಮೇಲೆಯೇ ಹೊಗೆ ಹರಡುವುದನ್ನು ಕಣ್ಣಾರೆ ಕಂಡರು. ಶಾಸ್ತ್ರಕಾರರು ಹೊಗೆಯೇ ಇರದ ತಾಣವೆಂದು ಕೈತೋರಿದ ಸರೋವರದಲ್ಲೇ ಹೊಗೆ! ತರ್ಕದ ಬುಡಕ್ಕೆ ಬಿದ್ದ ಈ ಕೊಡಲಿಯ ಅರಿವು ಬಸವನಗುಡಿಯ ಪಿಯುಸಿ ಹುಡುಗನಿಗೆ ಅವ್ಯಕ್ತವಾಗಿ ಇದ್ದೇ ಇರಬೇಕು. ಇಲ್ಲದಿದ್ದರೆ ಅದೊಂದನ್ನೇ ಆರು ತಿಂಗಳು ಯಾಕೆ ಬಾರಿಸುತ್ತಿದ್ದ?

ಹಣಕಾಸಿನ ವಿಷಯದಲ್ಲಿ ಮೀಮಾಂಸಕರ ಅರ್ಥಾಪತ್ತಿ ನೆರವಿಗೆ ಬರುತ್ತದೆ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆ ಎಂದು ತಿಳಿಯಬೇಕು. ನಮ್ಮ ದೇವದತ್ತ, ಲೀಡ್ ಗಿಟಾರಿನವನು, ಸಂಪಾದನೆಯಿಲ್ಲದೆಯೂ ಜ್ಯಾಮ್ ರೂಮಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತಾನೆ. ಅರ್ಥಾತ್ ಟ್ಯೂಷನ್ ಮೇಷ್ಟ್ರಿಗೆ ಈ ತಿಂಗಳ ಫೀಸು ಸಂದಿಲ್ಲ.

ದೇವದತ್ತ ಬೇರೆ, ಯಜ್ಞದತ್ತ ಬೇರೆ ಎಂಬುದು ಅನ್ಯೋನ್ಯಾಭಾವ. ಯಜ್ಞದತ್ತ ಬೇಸ್ ನುಡಿಸುತ್ತಾನೆ. ತಾನು ಗಿಟಾರಿಸ್ಟೇ ಎಂದು ಅವನು ಕೊನೆಯವರೆಗೂ ನಂಬಿರುತ್ತಾನೆ. ಹೆಚ್ಚಿನ ವಿಸ್ತರ ಬೇಡ. ಅವನ ಸದ್ದೂ ಯಾರಿಗೂ ಕೇಳಿಸುವುದಿಲ್ಲ.

ಪ್ರಕರಣದ ಹೃದಯವಿರುವುದು ಅತ್ಯಂತಾಭಾವದಲ್ಲಿ. ಹಿಂದೆ, ಈಗ, ಮುಂದೆ ಮೂರು ಕಾಲದಲ್ಲೂ ಇಲ್ಲದಿರುವುದು, ಅಂದರೆ ಡ್ರಮ್ಮರ್. ಊರಲ್ಲಿ ಹತ್ತು ಬ್ಯಾಂಡುಗಳಿದ್ದರೆ ಡ್ರಮ್ಮರುಗಳು ಇಬ್ಬರು, ಇಬ್ಬರೂ ಹತ್ತರಲ್ಲೂ ಇದ್ದಾರೆ, ಎಂದರೆ ಯಾವುದರಲ್ಲೂ ಇಲ್ಲ. ಕಾರಣ ಗಹನವಲ್ಲ. ಬಾಡಿಗೆ ಮನೆಯಲ್ಲಿ ಗಿಟಾರನ್ನು ಮಂಚದ ಕೆಳಗೆ ಸರಿಸಬಹುದು. ಡ್ರಮ್ ಸೆಟ್ ಇಡಬೇಕಾದರೆ ಅಜ್ಜಿಯನ್ನು ಸರಿಸಬೇಕು. ಭರತಮುನಿ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ವಿಂಗಡಿಸಿದ. ಡ್ರಮ್ ಸೆಟ್ಟು ಚರ್ಮದಿಂದ ಅವನದ್ಧವೂ ಸಿಂಬಲ್ಲಿನಿಂದ ಘನವೂ ಆಗಿ ಇಬ್ಬರು ಬಾಡಿಗೆದಾರರ ಸದ್ದನ್ನು ತಾನೊಂದೇ ಮಾಡುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಡ್ರಮ್ ಸೆಟ್ಟು ಸಲೀಸಾಗಿ ನೂರು ಮುಟ್ಟುತ್ತದೆ. ಡೆಸಿಬೆಲ್ಲಿನದು ಲಾಗರಿದಮ್ ಲೆಕ್ಕವಾದ್ದರಿಂದ ಈ ನಲವತ್ತೈದರ ಅಂತರವೆಂದರೆ ತೀವ್ರತೆಯಲ್ಲಿ ಮೂವತ್ತು ಸಾವಿರ ಪಟ್ಟಿಗೂ ಮಿಕ್ಕು. ಕೆಳಗಿನ ಮನೆಯ ಓನರ್ ಆಂಟಿ ಲಾಗ್ ಟೇಬಲ್ಲಿಲ್ಲದೆ ಇದನ್ನು ಲೆಕ್ಕ ಹಾಕಿ, “ಏನಪ್ಪಾ, ಮನೆ ಖಾಲಿ ಮಾಡ್ತೀರಾ ಹೇಗೆ?” ಎಂದು ಉತ್ತರವನ್ನೂ ಹೇಳಬಲ್ಲರು.

ಮೊದಲ ವೇದಿಕೆ ಗಣೇಶನ ಪೆಂಡಾಲು. ಆರ್ಕೆಸ್ಟ್ರಾದವರು ಕೈಕೊಟ್ಟದ್ದರಿಂದ ಒದಗಿದ ಭಾಗ್ಯ; ಅವರ ರಿದಮ್ ಪ್ಯಾಡಿನ ಹುಡುಗ ಮಾತ್ರ ವಿಷಯ ತಿಳಿಯದೆ ಬಂದು ಕೂತಿದ್ದ. ಹೊಗೆಯ ಹಾಡು ಮುಗಿಯುವಷ್ಟರಲ್ಲಿ ಯುವಕ ಸಂಘದ ಅಧ್ಯಕ್ಷರು ಮೆಟ್ಟಿಲ ಬಳಿ ಬಂದು, “ಚೆನ್ನಾಗಿದೆ ಗುರೂ, ಟೆಸ್ಟಿಂಗ್ ಆಯ್ತಲ್ಲ, ಒಂದು ಅಣ್ಣಾವ್ರ ಹಾಡು ಹೊಡೀರಿ” ಎಂದರು. ಹೊಡೆದರು. ಒಮ್ಮೆಯೂ ಪ್ರಾಕ್ಟೀಸ್ ಮಾಡದ ಆ ಹಾಡೊಂದನ್ನೇ ಎಲ್ಲರೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ಮುಗಿಸಿದರೆಂದು ಸಾಕ್ಷಿಗಳು ಹೇಳುತ್ತಾರೆ. ಇದು ನಮ್ಮ ಸಿದ್ಧಾಂತಕ್ಕೆ ಬಾಧಕವಾದ್ದರಿಂದ ಪ್ರಕ್ಷಿಪ್ತವೆಂದು ಕೈಬಿಟ್ಟಿದ್ದೇವೆ.

ಕೊನೆಯದು ಪ್ರಧ್ವಂಸಾಭಾವ, ಒಡೆದ ಮೇಲಿನ ಇಲ್ಲದಿರುವಿಕೆ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಆದಿ ಎಂದರೆ ಕ್ಯಾಂಪಸ್ ಇಂಟರ್‌ವ್ಯೂ. ದೇವದತ್ತ ಪುಣೆಗೆ, ಯಜ್ಞದತ್ತ ನ್ಯೂಜೆರ್ಸಿಗೆ. ಅಂತ್ಯವಿಲ್ಲವೆಂಬ ಮಾತನ್ನು ಅಲ್ಲಗಳೆಯಲು ಈಚೆಗೆ ವಾಟ್ಸ್ಯಾಪಿನಲ್ಲಿ ಒಂದು ಗುಂಪು ಹುಟ್ಟಿದೆ. ಡಿಸೆಂಬರಿನಲ್ಲಿ ಎಲ್ಲರೂ ಊರಿಗೆ ಬರುತ್ತಾರಂತೆ, ಒಂದು ಜ್ಯಾಮ್ ಮಾಡೋಣವಂತೆ. ಹೊಸ ಹೆಸರು ಗೊತ್ತಾಗಿದೆ. ಟೀಶರ್ಟು ಎಕ್ಸ್‌ಎಲ್ ಸೈಜಿನಲ್ಲಿ ಆರ್ಡರ್ ಆಗಿದೆ. ಡ್ರಮ್ಮರ್ ಮೆಸೇಜ್ ನೋಡಿದ್ದಾನೆ ಎಂಬುದಕ್ಕೆ ನೀಲಿ ಟಿಕ್ಕುಗಳೇ ಪ್ರತ್ಯಕ್ಷ ಪ್ರಮಾಣ. ಬರುತ್ತಾನೆಯೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.