ಡುಬ್ಬಮೀಮಾಂಸೆ: ನಾಲ್ಕು ತಾಲೂಕಿನ ಗುರುಶೋಧ

ಈ ಪ್ರಬಂಧದ ಮೂಲ ಆಕರ ಒಂದು ಮದುವೆ ಫೋಟೊ. ಶಿಗ್ಗಾವಿಯಲ್ಲಿ ಅಕ್ಕಿಕಾಳು ಹಾಕಿ ಇಳಿಯುವಾಗ ತೆಗೆದದ್ದು. ಅದರಲ್ಲಿ ವರನಿದ್ದಾನೆ, ವಧುವಿದ್ದಾಳೆ, ಪಕ್ಕದಲ್ಲೊಂದು ಅರ್ಕಾವೊತ್ತು ಇದೆ. ಅಂಗಿಯ ಬಣ್ಣದಿಂದ ಆ ಅರ್ಕಾವೊತ್ತು ನಾನೇ ಎಂದು ನಿರ್ಣಯಿಸಿದ ಕೀರ್ತಿ ನನ್ನ ಹೆಂಡತಿಯದು. "ಡುಬ್ಬ ಬಿದ್ದೈತಿ ನೋಡ್ರಿ, ಯಾರಾದ್ರೂ ಗುರುಗಳನ್ನ ಹುಡುಕ್ಕೊಳ್ರಿ" ಎಂದಳು. ವಿದ್ವತ್ ವಲಯದಲ್ಲಿ ಇದನ್ನು ಸಂಶೋಧನಾ ಪ್ರಶ್ನೆ ಎನ್ನುತ್ತಾರೆ.

ಮೊದಲು ಪರಿಭಾಷೆ. ನಮ್ಮ ಕಡೆ ಡುಬ್ಬ ಅಂದರೆ ಬೆನ್ನೂ ಹೌದು, ಬಾಗಿದ ಬೆನ್ನಿನ ಮೇಲೇಳುವ ಉಬ್ಬೂ ಹೌದು. ಅಂಗಕ್ಕೂ ಅದರ ರೋಗಕ್ಕೂ ಒಂದೇ ಹೆಸರಿಟ್ಟವರು ನೆಟ್ಟನೆಯ ಬೆನ್ನನ್ನು ಕಂಡಿರಲಿಕ್ಕಿಲ್ಲ ಎಂಬುದು ನನ್ನ ಊಹೆ. ಶರೀರಶಾಸ್ತ್ರವೂ ಸ್ವಲ್ಪ ನನ್ನ ಪರವಾಗಿಯೇ ಇದೆ. ಹುಟ್ಟುವಾಗ 33 ಮಣಿಗಳಿರುವ ಬೆನ್ನುಮೂಳೆಯ ಕಂಬ ದೊಡ್ಡವರಲ್ಲಿ ಕುತ್ತಿಗೆಯ ಹತ್ತಿರ ಒಳಕ್ಕೆ, ಎದೆಯ ಹಿಂದೆ ಹೊರಕ್ಕೆ, ಟೊಂಕದಲ್ಲಿ ಮತ್ತೆ ಒಳಕ್ಕೆ ಬಾಗಿರುತ್ತದೆ. ತಕರಾರಿರುವುದು ತಲೆಯದು. ಅದರ ತೂಕ ಸುಮಾರು 5 ಕಿಲೊ. ಆದರೆ 60 ಡಿಗ್ರಿ ಬಗ್ಗಿಸಿ ಮೊಬೈಲ್ ನೋಡಿದರೆ ಕುತ್ತಿಗೆಯ ಮೇಲೆ ಬೀಳುವ ಭಾರ 27 ಕಿಲೊ ಎಂದು 2014ರಲ್ಲಿ ನ್ಯೂಯಾರ್ಕಿನ ಬೆನ್ನುಮೂಳೆ ವೈದ್ಯರೊಬ್ಬರು ಲೆಕ್ಕ ಹಾಕಿದರು. ಹೆಚ್ಚುಕಡಿಮೆ ಅರ್ಧ ಚೀಲ ಗೋವಿನಜೋಳ. ಆದರೆ ಕುತ್ತಿಗೆಯ ಈ ಭಾರಕ್ಕೆ ಬೆಂಬಲ ಬೆಲೆಯೂ ಇಲ್ಲ.

ಇನ್ನು ಗುರುವಿನ ವಿಚಾರ. ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರಿಗೆ ಗುರು ಸಿಕ್ಕಿದ್ದು ಕಳಸದ ಗೋವಿಂದಭಟ್ಟರಲ್ಲಿ. ಹೆಸರಿನಲ್ಲೇ ಹಾನಗಲ್ಲ ಹೊತ್ತ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುತ್ತಿದ್ದದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿಗೆ. ಕಳಸ ಇರುವುದೂ ಕುಂದಗೋಳ ತಾಲೂಕಿನಲ್ಲೇ. ಆದ್ದರಿಂದ ನಮ್ಮವರ ಗುರುಗಳು ಯಾವಾಗಲೂ ಜಿಲ್ಲೆಯ ಗಡಿ ದಾಟಿ ಕುಂದಗೋಳ ತಾಲೂಕಿನಲ್ಲಿ ಕೂತಿರುತ್ತಾರೆ ಎಂಬ ಸಿದ್ಧಾಂತವನ್ನು ಮಂಡಿಸಿದ್ದೇನೆ. ಪುಟ್ಟರಾಜ ಗವಾಯಿಗಳೂ ಅವರ ಗುರು ಪಂಚಾಕ್ಷರ ಗವಾಯಿಗಳೂ ಇಬ್ಬರೂ ಹಾನಗಲ್ಲ ತಾಲೂಕಿನಲ್ಲೇ ಹುಟ್ಟಿದವರಲ್ಲವೇ ಎಂದು ಯಾರಾದರೂ ಕೇಳಬಹುದು. ಆ ವಿಷಯವನ್ನು ಅಡಿಟಿಪ್ಪಣಿಗೆ ಕಳಿಸಿದ್ದೇನೆ. ಅಡಿಟಿಪ್ಪಣಿ ಹಾಕಿಲ್ಲ.

ವಿದೇಶಿ ಗುರುಗಳನ್ನೂ ಉಪೇಕ್ಷಿಸಿಲ್ಲ. 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದ ಅಲೆಕ್ಸಾಂಡರ್ ಎಂಬ ನಟ ವೇದಿಕೆಯಲ್ಲಿ ದನಿ ಕಟ್ಟತೊಡಗಿದಾಗ ಕನ್ನಡಿ ಮುಂದೆ ನಿಂತು, ಬಾಯಿ ತೆರೆದಾಗೆಲ್ಲ ತಲೆ ಹಿಂದಕ್ಕೆ ವಾಲುವುದನ್ನು ಕಂಡುಕೊಂಡ. ಅದರಿಂದಲೇ ಒಂದು ಪದ್ಧತಿ ಕಟ್ಟಿದ. ಬ್ರಿಟನ್ನಿನಲ್ಲಿ ಅದರ 24 ಪಾಠ ಕಲಿತವರ ಬೆನ್ನುನೋವು ಒಂದು ವರ್ಷದ ಮೇಲೆ ನಾಲ್ಕು ವಾರಕ್ಕೆ 3 ದಿನ, ಕಲಿಯದವರದು 21 ದಿನ ಎಂದು 2008ರಲ್ಲಿ ವರದಿಯಾಯಿತು. ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿದೆ. "ಅಲೆಕ್ಸಾಂಡರ್ ಅಂದ್ರ ಟೇಲರ್ ಅಂಗಡೀನ್ರೀ?" ಎಂದರು.

ಸವಣೂರಿನಲ್ಲಿ ಬೇರೊಂದು ಪಾಠ ಸಿಕ್ಕಿತು. ಕಲ್ಮಠದ ಮೂರು ದೊಡ್ಡಹುಣಸೆ ಮರಗಳು, ಆಫ್ರಿಕಾ ಮೂಲದವು, ಆನೆ ಹೊಟ್ಟೆಯವು. 2023ರ ಮಳೆಗಾಲದಲ್ಲಿ ಒಂದು ಬುಡಸಮೇತ ಉರುಳಿತು. ಯಂತ್ರ ಹಚ್ಚಿ ಎತ್ತಿ ಮತ್ತೆ ನೆಟ್ಟರು. ನನ್ನ ಕ್ಷೇತ್ರಕಾರ್ಯದಲ್ಲಿ ಕಂಡ ಒಂದೇ ಒಂದು ಪೂರ್ಣ ಪ್ರಮಾಣದ ಭಂಗಿ ಸುಧಾರಣೆ ಇದು. ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನವರು ಶಿರಸ್ಸನ್ನೇ ಕತ್ತರಿಸಿ ಅರ್ಪಿಸಿ ಮರಳಿ ಪಡೆದರೆಂಬ ಶಾಸನವಿದೆ. ಕುತ್ತಿಗೆ ನೋವಿನವರು ಅದನ್ನು ಓದಿ ಕೈಮುಗಿದು ಬಂದರೆ ಸಾಕು.

ಈಗ ಮುಖ್ಯ ತೊಡಕು. ಈ ವಿದ್ಯೆಗೆ ಗುರುಗಳ ಬರವಿಲ್ಲ, ಗುರುಗಳಲ್ಲಿ ಒಮ್ಮತವಿಲ್ಲ. ನನ್ನ ಅವ್ವನ ಪಾಠ: "ನೆಟ್ಟಗ ಕುಂದರೋ, ಹುಣಸಿಕಾಯಿ ಹಂಗ ಬಾಗೀದಿ." ಅದೇ ಮನೆಯ ಕಟ್ಟೆಯ ಮೇಲೆ ಅಪ್ಪನ ಪಾಠಾಂತರ: "ಗೌಡ್ರ ಮುಂದ ಹಂಗ ಸೆಟಕೊಂಡು ನಿಂದರಬ್ಯಾಡ." ಕೂತಾಗ ನೆಟ್ಟಗಿದ್ದರೆ ಸಂಸ್ಕಾರ, ನಿಂತಾಗ ನೆಟ್ಟಗಿದ್ದರೆ ಸೊಕ್ಕು. ಸಾಲಿಯಲ್ಲಿ ಪಿಟಿ ಮಾಸ್ತರು ಸಾವಧಾನ್ ಅಂದರು, ಗಣಿತದ ಮಾಸ್ತರು ಕಿವಿ ಹಿಡಿದು ಬಗ್ಗಿಸಿ ನಿಲ್ಲಿಸಿದರು. ಬಾಡಿಗೆ ಮನೆಯ ಬಾಗಿಲು ಗಿಡ್ಡ, ಕಚೇರಿಯ ಮೇಜು ಗಿಡ್ಡ, ಸಾಹೇಬರು ಕೂತೇ ಇರುತ್ತಾರೆ, ಫೈಲು ಹಿಡಿದವನು ಬಗ್ಗಲೇಬೇಕು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ 33 ಮಣಿಗಳು ಯಾರ ಮಾತು ಕೇಳಿದವು ಎಂಬುದಕ್ಕೆ ಫೋಟೊ ಸಾಕ್ಷಿ.

ಕೊನೆಗೆ ಗುರುದರ್ಶನವಾದದ್ದು ಹಾನಗಲ್ಲಿನಲ್ಲಿ. ತಾರಕೇಶ್ವರ ಗುಡಿಯ ಛತ್ತಿನ ಕಲ್ಲಿನ ಕಮಲ ನೋಡಲು ಮುಖ ಮೇಲೆತ್ತಿ, ಕತ್ತು ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ಸವಣೂರಿನ ಬಸ್ಸಿನಿಂದ ಎಲೆಬುಟ್ಟಿ ಹೊತ್ತ ಮುದುಕಿಯೊಬ್ಬಳು ಇಳಿದಳು. ತಲೆಯ ಮೇಲೆ ಹಳೆ ಸೀರೆಯ ಸಿಂಬಿ, ಅದರ ಮೇಲೆ ಬುಟ್ಟಿ, ಮೇಲೆ ಒದ್ದೆ ಗೋಣಿತಾಟು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಖಾಲಿ. ಬುಟ್ಟಿಗೆ ಕೈ ಹಚ್ಚಿರಲಿಲ್ಲ. ಮಂದಿಯ ನಡುವೆ ಕುತ್ತಿಗೆ ಅಲುಗದಂತೆ ಬಂದಳು.

"ಯವ್ವಾ, ಹೆಂಗ ಇಷ್ಟು ನೆಟ್ಟಗ ನಡೀತೀ?"

"ಬಾಗಿದ್ರ ಎಲಿ ಬೀಳ್ತಾವಲ್ಲೋ ಯಪ್ಪಾ. ಹಾದಿ ಬಿಡು."

ಗೋಡೆಯ ಪಕ್ಕ ಬುಟ್ಟಿ ಇಳಿಸಲು ಕೈಗೂಡಿಸಿದೆ. ಇಳಿಸಿ ಕೂತು ಎಲೆ ಎಣಿಸತೊಡಗಿದಳು. ನೋಡಿದರೆ ಅವಳ ಬೆನ್ನು ನನಗಿಂತ ಹೆಚ್ಚು ಬಾಗಿತ್ತು.

ಆದರೂ ದೀಕ್ಷೆ ತಗೊಂಡೆ. ಟವೆಲಿನ ಸಿಂಬಿ ಸುತ್ತಿ, ಮೇಲೊಂದು ಹಳೆ ಪಂಚಾಂಗ ಇಟ್ಟು ದಿನಾ ಬೆಳಿಗ್ಗೆ ಅಂಗಳದಲ್ಲಿ ಹತ್ತು ಸುತ್ತು. ಮೂರು ವಾರಕ್ಕೆ ಗುಣ ಕಂಡಿತು. ನಾಲ್ಕನೆಯ ವಾರ ಸಾಹೇಬರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ, ಇತ್ತಿತ್ಲಾಗ ಭಾಳ ಸೆಟಕೊಂಡು ಬರಾಕತ್ತೀರಿ?" ಎಂದರು.

ಅಭ್ಯಾಸವನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ಮುಂದಿನ ತಿಂಗಳು ಬಡ್ತಿ ಪಟ್ಟಿ ಬರುವುದಿದೆ.