ಅಳಿಯನ ಬಯಕೆ

ಹೆಂಡತಿಗೆ ಮೂರು ತಿಂಗಳು ತುಂಬಿದವೋ ಇಲ್ಲವೋ, ಗಂಡನಿಗೂ ಬಯಕೆ ಹತ್ತುತ್ತದೆ. ಆಕೆಗೆ ಹುಣಸೆಕಾಯಿ ಬೇಕು, ಮಾವಿನಕಾಯಿ ಬೇಕು. ಈತನಿಗೆ ಮನೆಯಲ್ಲೇ ಬಿಯರ್ ತಯಾರಿಸಬೇಕು. ಕುಡಿಯುವ ಆಸೆಗಲ್ಲ ಎಂದು ತಾನೇ ಮೊದಲು ಸ್ಪಷ್ಟಪಡಿಸುತ್ತಾನೆ. ಕೇಳಿದವರು ಯಾರೂ ಇರುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಕಡೆ ಈ ತಳಿಯ ಅಳಿಯಂದಿರು ಈಗೀಗ ಕಾಣಸಿಗುತ್ತಾರೆ. ಕಾಯಂ ವಾಸ ಪುಣೆ, ಹೈದರಾಬಾದ್ ಅಥವಾ ಬೆಂಗಳೂರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಹೆಂಡತಿಯ ಹಿಂದೆ ಲ್ಯಾಪ್‌ಟಾಪ್ ಹೊತ್ತು ಮಾವನ ಮನೆಗೆ ಬಂದಿಳಿದಿರುತ್ತಾರೆ. ಅಫಜಲಪುರದ ಅಳಿಯ ಭೀಮಾ ದಂಡೆಯ ಕಬ್ಬು ನೋಡಿ, ಬಾಟಲಿಯಲ್ಲಿ ನೊರೆ ಬರಿಸಲು ಸಕ್ಕರೆಯ ಬದಲು ಬೆಲ್ಲ ನಡೆದೀತೇ ಎಂದು ಲೆಕ್ಕ ಹಾಕುತ್ತಾನೆ. ಜೇವರ್ಗಿಯ ಅಳಿಯ, 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿಯಿಂದ ಬಿಯರ್ ಯಾಕಾಗಬಾರದು ಎಂದು ಕೇಳಿ ಮಾವನ ಬಿಪಿ ಏರಿಸುತ್ತಾನೆ. ಆಳಂದದವನದು ಬಿಳಿಜೋಳ. ಅವನನ್ನೇ ಹಿಡಿಯೋಣ, ಮೂವರಲ್ಲಿ ಹೆಚ್ಚು ದೂರ ಹೋದವನು ಅವನೇ.

ಅವನ ತಪ್ಪೇನೂ ಇಲ್ಲ. ಬಸುರಿ ಇರುವ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಹಂಚಿಹೋಗಿರುತ್ತದೆ. ಅತ್ತೆ ಅಂಟಿನುಂಡಿಗೆ ಒಣಕೊಬ್ಬರಿ, ಉತ್ತತ್ತಿ ಕೂಡಿಸಿಡುತ್ತಿದ್ದಾಳೆ. ಅಜ್ಜಿ ಹಳೆ ಸೀರೆ ಹರಿದು ಕೂಸಿಗೆ ಕೌದಿ ಹೊಲಿಯುತ್ತಿದ್ದಾಳೆ. ತಾಯಿ ಕಾರ್ಡು ತುಂಬಲು ಆಶಾ ಕಾರ್ಯಕರ್ತೆ ಬರುತ್ತಾಳೆ. ರಾತ್ರಿ ನೋವು ಬಂದರೆ ಯಾರ ಜೀಪು ಎಂದು ಮಾವ ಮಾತಾಡಿಟ್ಟಿದ್ದಾನೆ. ಅಳಿಯ ಎದ್ದು ನಿಂತರೆ ಸಾಕು, ನಾಲ್ಕು ಕಡೆಯಿಂದ ಒಂದೇ ಮಾತು: ‘ನೀವು ಕೂಡ್ರಿ.’ ಆಫೀಸಿನಲ್ಲಿ ಹದಿನೈದು ಜನರಿಗೆ ಗಡುವು ಕೊಡುವ ಮನುಷ್ಯ, ತನ್ನದೇ ಮಗುವಿನ ವಿಷಯದಲ್ಲಿ ಪಡಸಾಲೆಯ ಅತಿಥಿ. ಡಾಕ್ಟರು ಹೇಳಿದ ತಾರೀಕು ಕೂಡ ಅಂದಾಜಂತೆ! ಅಳೆಯಲು ಬರುವಂಥದ್ದು, ತನ್ನ ಮಾತು ಕೇಳುವಂಥದ್ದು, ಗಡುವಿಗೆ ಸರಿಯಾಗಿ ಹೊರಬರುವಂಥದ್ದು ಅವನಿಗೆ ಒಂದಾದರೂ ಬೇಕು. ಬಿಯರಿಗೆ ಆ ಗುಣಗಳೆಲ್ಲ ಇವೆ.

ಕೊರಿಯರಿನಲ್ಲಿ ಸಾಮಾನು ಬಂತು. ತರ್ಮಾಮೀಟರು, ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರು, ಒಂದು ಪೊಟ್ಟಣ ಯೀಸ್ಟು, ಮತ್ತೆ ಹಾಪ್ಸ್ ಎಂಬ ಹೂವನ್ನು ಒತ್ತಿ ಮಾಡಿದ ಹಸಿರು ಗುಳಿಗೆಗಳು. ಯೀಸ್ಟು ಫ್ರಿಜ್ಜಿನಲ್ಲಿ ಹೆಂಡತಿಯ ಟಾನಿಕ್ಕಿನ ಪಕ್ಕ ಕೂತಿತು. ಗುಳಿಗೆ ನೋಡಿದ ಅತ್ತೆ, ಅಳಿಯ ಎಮ್ಮೆಗೆ ಹೊಸ ನಮೂನೆಯ ಹಿಂಡಿ ತರಿಸಿದ್ದಾನೆಂದು ಹಿಗ್ಗಿ ಒಂದು ಹಿಡಿ ಬಾನಿಗೆ ಹಾಕಿದಳು. ಬಿಯರಿನ ಕಹಿಯೆಲ್ಲ ಬರುವುದೇ ಆ ಹೂವಿನಿಂದ. ಎಮ್ಮೆ ಮೂಸಿತು, ಅಳಿಯನನ್ನು ನೋಡಿತು, ಮುಖ ತಿರುಗಿಸಿತು.

ಮಾವನಿಗೆ ವಿಷಯ ತಿಳಿದದ್ದು ಆವತ್ತು. ಅಳಿಯ ಪಾಠ ಒಪ್ಪಿಸಿದ: ಅಮೆರಿಕದಲ್ಲಿ 1978ರಲ್ಲೇ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದಾರೆ, ಇಬ್ಬರು ದೊಡ್ಡವರಿರುವ ಮನೆ ವರ್ಷಕ್ಕೆ 200 ಗ್ಯಾಲನ್ ಬಿಯರ್ ಮಾಡಿಕೊಳ್ಳಬಹುದು. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಅಲ್ಲಿನ ಕಂಪನಿಗಳು ಜೋಳಕ್ಕೆ ಹೊರಳಿದವು. ಅಂದಮೇಲೆ ಆಳಂದದ ಜೋಳ ಏನು ಪಾಪ ಮಾಡಿದೆ?

ಮಾವ ಎಲೆ ಅಡಿಕೆ ಉಗುಳಿ ಬಂದು ಕೂತ. ‘ಕಾರ್ಟರ್ ಸಾಹೇಬರ ಸಹಿ ನಮ್ಮ ತಹಶೀಲ್ ಕಚೇರ್ಯಾಗ ನಡೀತದೇನ್ರಿ? ನಮ್ಮದು 1965ರ ಅಬಕಾರಿ ಕಾಯ್ದೆ. ಲೈಸನ್ಸ್ ಇಲ್ಲದ ದಾರೂ ಮಾಡಂಗಿಲ್ಲ. 2007ರಾಗ ಸಾರಾಯಿ ಬಂದ್ ಆತು, ಊರ ಹೆಣ್ಮಕ್ಕಳು ಉಸರು ಬಿಟ್ರು. ನೀವು ಈಗ ನಮ್ಮ ಅಡಗಿಮನ್ಯಾಗ ಚಾಲೂ ಮಾಡ್ತೀರೇನು?’

ಅಳಿಯ ಅರ್ಧಕ್ಕೆ ಒಪ್ಪಿದ. ಯೀಸ್ಟು ಹಾಕುವುದಿಲ್ಲ, ಮಾಲ್ಟಿನವರೆಗೆ ಮಾತ್ರ. ಮಾಲ್ಟೆಂದರೆ ಕಾಳು ನೆನೆಸಿ, ಮೊಳಕೆ ಬರಿಸಿ, ಒಣಗಿಸುವುದು. ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಕಾಳು ಮೊಳೆತಾಗ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಹುಟ್ಟುತ್ತದೆ. ಹುಡಿ ಮಾಡಿದ ಮಾಲ್ಟನ್ನು 65 ಡಿಗ್ರಿ ಆಸುಪಾಸಿನ ನೀರಿನಲ್ಲಿ ಒಂದು ತಾಸು ಇಟ್ಟರೆ ಬಾರ್ಲಿ ಸಿಹಿರಸ ಬಿಡುತ್ತದೆ. ಜೋಳ ಹಟಮಾರಿ: ಅದರ ಪಿಷ್ಟ ಬೇಯಲು ಇನ್ನೂ ಹೆಚ್ಚು ಕಾವು ಬೇಕು, ಅಷ್ಟು ಕಾವಿಗೆ ಕಿಣ್ವ ಸಾಯುತ್ತದೆ. ಅಳಿಯನಿಗೆ ಈ ಸಮಸ್ಯೆ ಬಹಳ ಹಿಡಿಸಿತು.

ಒದ್ದೆ ಗೋಣಿತಾಟಿನ ಮೇಲೆ ಜೋಳ ಹರವಿಕೊಂಡ. ನಡುರಾತ್ರಿ ಎದ್ದು ಮೊಬೈಲ್ ಬೆಳಕಿನಲ್ಲಿ ಮೊಳಕೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದ. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಹೆಂಡತಿ ಎಡಮಗ್ಗುಲಾಗಿ ಮಲಗಿ, ಡಾಕ್ಟರು ಹೇಳಿದಂತೆ ಕೂಸಿನ ಒದೆತ ಎಣಿಸುತ್ತಿದ್ದಳು. ‘ಎಷ್ಟಾತು?’ ಎಂದು ಆಕೆ ಕೇಳಿದರೆ ಈತ ‘ನಾಲ್ಕು ಮಿಲಿಮೀಟರ್’ ಎನ್ನುತ್ತಿದ್ದ. ‘ನಂದು ಹತ್ತು’ ಎನ್ನುತ್ತಿದ್ದಳು ಆಕೆ. ಇಬ್ಬರಿಗೂ ಸಮಾಧಾನ.

ಮೊಳಕೆ ನೋಡಿದ ಅತ್ತೆ ಮಾತ್ರ ಹೌಹಾರಿದಳು. ‘ಎಳೀ ಜ್ವಾಳ ಮೇಯ್ದ ದನಾ ಉಳಿಯಂಗಿಲ್ರಿ!’ ಗೂಗಲ್ ಕೂಡ ಅತ್ತೆಯ ಪರವೇ ನಿಂತಿತು: ಜೋಳದ ಎಳೆ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶವಿದೆ.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮುನ್ನಾದಿನ ಅತ್ತೆ ಜೋಳದ ಹಿಟ್ಟು ಕುದಿಸಿ, ಮಜ್ಜಿಗೆ ಕೂಡಿಸಿ, ಮಣ್ಣಿನ ಗಡಿಗೆಯಲ್ಲಿ ಅಂಬಲಿ ಇಟ್ಟಳು. ಬೆಳಗಾಗುವುದರೊಳಗೆ ಹದವಾಗಿ ಹುಳಿ ಬಂದಿತ್ತು. ತರ್ಮಾಮೀಟರಿಲ್ಲ, ನೋಟ್‌ಬುಕ್ಕಿಲ್ಲ. ಅಳಿಯ ತಡೆಯಲಾರದೆ, ಯಾರೂ ಇಲ್ಲದ್ದು ನೋಡಿ ಹೈಡ್ರೋಮೀಟರನ್ನು ಗಡಿಗೆಗೆ ಇಳಿಬಿಟ್ಟ. ನೀರಿನಲ್ಲಿ 1.000 ತೋರಿಸುವ, ಒಳ್ಳೆಯ ಬಿಯರ್ ರಸದಲ್ಲಿ 1.050ರ ಹತ್ತಿರ ತೇಲುವ ಆ ಗಾಜಿನ ಕೊಳವೆ ಅತ್ತೆಯ ಅಂಬಲಿಯಲ್ಲಿ ಮುಳುಗಲೂ ಇಲ್ಲ, ತೇಲಲೂ ಇಲ್ಲ, ನೆಟ್ಟಗೆ ನಿಂತುಬಿಟ್ಟಿತು. ಹಿಂದಿನಿಂದ ಅತ್ತೆಯ ದನಿ: ‘ಯಾಕ್ರಿ, ಅಂಬಲಿಗಿ ಜ್ವರಾ ಬಂದಾವೇನು?’

ಆವತ್ತು ಹೊಲದಲ್ಲಿ ಸಜ್ಜೆ ಕಡುಬು, ಬಜ್ಜಿ, ಅಂಬಲಿ ಹೊಡೆದು ಎಲ್ಲರೂ ಮರದ ನೆರಳಿಗೆ ಒರಗಿದಾಗ ಅಜ್ಜಿ ತೀರ್ಪು ಕೊಟ್ಟಳು. ಗಂಡಸಿಗೆ ಮೊಳಕೆ ಬರಿಸುವ ಹುಚ್ಚಿದ್ದರೆ ಬಿಡಿಸಬೇಡ್ರಿ, ಕಾಳು ಬದಲಿ ಮಾಡ್ರಿ. ರಾಗಿ ತರಿಸಿಕೊಡ್ರಿ, ಕೂಸಿನ ಹಿಟ್ಟು ಮಾಡ್ಲಿ.

ಅಳಿಯ ಓದಿ ನೋಡಿದ, ಕಣ್ಣರಳಿತು. ಬಿಯರ್ ಮಾಡುವ ಹಾದಿಯಲ್ಲಿ ಅರ್ಧಕ್ಕೆ ನಿಂತರೆ ಸಿಗುವುದು ಕೂಸಿನ ಊಟವೇ! ಅದೇ ಮೊಳಕೆ, ಅದೇ ಕಿಣ್ವ. ಅಲ್ಲಿ ಸಿಹಿರಸ ಬಿಡಿಸುತ್ತದೆ, ಇಲ್ಲಿ ಗಟ್ಟಿ ಗಂಜಿಯನ್ನು ತೆಳ್ಳಗೆ ಮಾಡಿ ಪುಟ್ಟ ಹೊಟ್ಟೆಗೆ ಹೆಚ್ಚು ಕಾಳು ಹಿಡಿಸುತ್ತದೆ. ‘ಆರು ತಿಂಗಳ ತನಕ ಎದಿಹಾಲೇ’ ಎಂದು ಆಶಾ ಕಾರ್ಯಕರ್ತೆ ತಾಕೀತು ಮಾಡಿದಳು. ಅಡ್ಡಿಯಿಲ್ಲ, ಅಲ್ಲಿಯವರೆಗೆ ಅಭ್ಯಾಸವಾಗುತ್ತದೆ ಎಂದ.

ಈಗ ಮಗಳಿಗೆ ಎಂಟು ತಿಂಗಳು. ಅಪ್ಪ ಹದಿನಾಲ್ಕನೇ ಬ್ಯಾಚಿನಲ್ಲಿದ್ದಾನೆ. ಡಬ್ಬಿಗಳ ಮೇಲೆ ತಾರೀಕು, ಮೊಳಕೆಯ ಉದ್ದ, ಹುರಿದ ನಿಮಿಷ ಎಲ್ಲ ಬರೆದಿರುತ್ತವೆ. ಮಗಳು ಹನ್ನೊಂದನೆಯದನ್ನು ಚಪ್ಪರಿಸಿದಳು, ಹನ್ನೆರಡನೆಯದನ್ನು ಅಪ್ಪನ ಅಂಗಿಯ ಮೇಲೆ ಉಗುಳಿದಳು, ಎರಡೂ ದಾಖಲಾಗಿವೆ. ಓಣಿಯ ಬಸುರಿಯರ ಮನೆಗಳಿಂದ ‘ನಮ್ಮದೂ ಎರಡು ಸೇರು ರಾಗಿ ನಿಮ್ಮ ಅಳಿಯಂದಿರಿಗಿ ಕೊಡ್ರಿ’ ಎಂದು ಚೀಲಗಳು ಬರತೊಡಗಿವೆ. ಇದನ್ನೇ ಕಂಪನಿ ಮಾಡಿದರೆ ಹೇಗೆ ಎಂದು ಅವನು ಮೊನ್ನೆ ಮಾವನನ್ನು ಕೇಳಿದ. ಮಾವ ಯೋಚನೆ ಮಾಡಿ, ಇದಕ್ಕೂ ಲೈಸನ್ಸ್ ಬೇಕಾಗ್ತದೇನು ಮೊದಲು ನೋಡ್ರಿ ಎಂದಿದ್ದಾನೆ.