ಪೇಶ್ವೆಯರ ಪೇಪರ್‌ವೇಟು

ರಷ್ಯನ್ ಚಿತ್ರಕಲೆಯ ಬಗ್ಗೆ ನನ್ನಷ್ಟು ಧೈರ್ಯವಾಗಿ ಮಾತಾಡುವ ಕನ್ನಡಿಗ ಪುಣೆಯಲ್ಲಿ ಇನ್ನೊಬ್ಬನಿರಲಾರ. ಧೈರ್ಯ ಅಂದೆ, ಜ್ಞಾನ ಅನ್ನಲಿಲ್ಲ. ಬೆಂಗಳೂರಿಗೆ ಹೋದಾಗಲೆಲ್ಲ ನೆಂಟರನ್ನು ಚಿತ್ರಕಲಾ ಪರಿಷತ್ತಿನ ರೋರಿಕ್ ಗ್ಯಾಲರಿಗೆ ಎಳೆದೊಯ್ಯುವುದು ನನ್ನ ಚಟ. ನಿಕೊಲಾಯ್ ರೋರಿಕ್‌ನ ಹಿಮಾಲಯದ ಮುಂದೆ ಕೈಕಟ್ಟಿ ನಿಂತು, ‘ನೋಡಿ, ಇದು ಬರೀ ನೀಲಿ ಅಲ್ಲ’ ಅಂದರೆ ಸಾಕು, ಎಲ್ಲರೂ ತಲೆದೂಗುತ್ತಾರೆ. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಅವನ ಮಗ ಸ್ವೆತೊಸ್ಲಾವ್, ನಟಿ ದೇವಿಕಾರಾಣಿಯ ಕೈಹಿಡಿದು ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ ಕಥೆ ಎತ್ತಿದರಂತೂ ಪ್ರಶ್ನೆಗಳೆಲ್ಲ ಸಿನಿಮಾ ಕಡೆ ಹೊರಳಿ ನಾನು ಬಚಾವು. ರಷ್ಯನ್ ಕಲೆಯ ಅನುಕೂಲವೇ ಅದು: ಹೇಳುವವನಿಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ.

ಅದೇ ಹುಮ್ಮಸ್ಸಿನಲ್ಲಿ, ಗದಗಿನಿಂದ ಬಂದ ದೊಡ್ಡವ್ವ ಮತ್ತು ಮೊಮ್ಮಗಳನ್ನು ಪುಣೆಯ ಬಾಜೀರಾವ್ ರಸ್ತೆಯ ಬದಿಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. ಆರಂಭವೇನೋ ಭರ್ಜರಿ. ‘ಅಜ್ಞಾತವಾಸಿ’ ಹೆಸರಿನಲ್ಲಿ ಕವಿತೆ ಬರೆದ ದಿನಕರ ಕೇಳ್ಕರರು ಊರೂರು ಅಲೆದು ಕೂಡಿಸಿದ್ದು, ಎಳವೆಯಲ್ಲೇ ತೀರಿಕೊಂಡ ಮಗ ರಾಜಾನ ಹೆಸರಿಟ್ಟಿದ್ದು, 1975ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೈಡಿಗೆ ಇನ್ನೇನು ಬೇಕು?

ಆಮೇಲೆ ಎದುರಾಯಿತು ಹಿತ್ತಾಳೆಯದೊಂದು ವಸ್ತು. ಮೇಲೆ ನವಿಲು, ಅಡಿಯಲ್ಲಿ ಒರಟು ಗೀರುಗಳು. ಫಲಕ ಓದುವುದು ನನ್ನ ಘನತೆಗೆ ಕಡಿಮೆ.

“ಇದು ಪೇಶ್ವೆ ದರ್ಬಾರಿನ ಪೇಪರ್‌ವೇಟು. ಪಾಣಿಪತ್ತಿನ ಸುದ್ದಿ ತಂದ ಪತ್ರ ಇದರಡಿಯಲ್ಲೇ ನಡುಗಿರಬೇಕು!”

ನನ್ನ ದನಿಯೂ ಸ್ವಲ್ಪ ನಡುಗಿತು. ಪಕ್ಕದಲ್ಲಿದ್ದ ಮರಾಠಿ ಅಜ್ಜಿಯೊಬ್ಬರು ಕನಿಕರದಿಂದ, “ಅಹೋ, ವಜ್ರಿ ಆಹೇ ತೀ!” ಅಂದರು. ದೊಡ್ಡವ್ವ ಇನ್ನೂ ಬಿಡಿಸಿ ಹೇಳಿದಳು: “ತಮ್ಮಾ, ಇದು ಹಿಮ್ಮಡಿ ತಿಕ್ಕೂದೋ! ನಮ್ಮ ಗೌಡ್ರ ಮನಿ ಬಚ್ಚಲದಾಗ ಇತ್ತಲ್ಲ.”

ಅಲ್ಲಿಂದ ಗೈಡ್ ಬದಲಾದರು. ಅಡಕತ್ತರಿಗಳ ಮುಂದೆ ದೊಡ್ಡವ್ವ ಬೇರೂರಿದಳು. ಹೆಬ್ಬೆರಳು ಎಲ್ಲಿ ಕೂಡಬೇಕು, ಯಾವುದರಲ್ಲಿ ಅಡಿಕೆ ತೆಳ್ಳಗೆ ಬೀಳುತ್ತದೆ, ಯಾವುದು ಬೆರಳು ಕಚ್ಚುತ್ತದೆ ಎಂದು ಗಾಜಿನಾಚೆಯಿಂದಲೇ ತೀರ್ಪು ಕೊಟ್ಟಳು. ಬಲು ಚೆಂದದ್ದೊಂದಕ್ಕೆ, “ಇದು ಬೀಗರ ಮುಂದ ಇಡೂದು, ಅಡಕಿ ಕಡಿಯೂದಲ್ಲ” ಅಂದಳು. ಮರಾಠಿ ಅಜ್ಜಿ ಹೌದೆಂದರು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರದು ಮುರುಕು ಮರಾಠಿ; ಆದರೂ ಇಬ್ಬರ ಹಿಂದೆ ಸಣ್ಣ ಮೆರವಣಿಗೆಯೇ ಹೊರಟಿತು. ನನ್ನ ಕೈಯಲ್ಲಿ ಇಬ್ಬರ ಚೀಲಗಳೂ ಇದ್ದವು.

ಕೊನೆಯ ಆಸೆ ಮಸ್ತಾನಿ ಮಹಲು. ಕೋಥ್ರೂಡಿನಿಂದ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ ಮಹಲು ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೊಮ್ಮಗಳು, “ಕಾಕಾ, ಪಿಕ್ಚರ್ ನೋಡೀನಿ, ಕಥಿ ಹೇಳಬ್ಯಾಡ್ರಿ” ಅಂದಳು. ಅಲ್ಲಿಗೆ ಸಿನಿಮಾವೂ ನನ್ನ ಕೈಬಿಟ್ಟಿತು.

ಪುಣೆಗೆ ಬಂದರೆ ಈ ಮ್ಯೂಸಿಯಂ ತಪ್ಪಿಸಬೇಡಿ. ಬರುವಾಗ ಮನೆಯ ಹಿರಿಯ ಹೆಂಗಸೊಬ್ಬರನ್ನು ಕರೆತನ್ನಿ, ಫಲಕದಲ್ಲಿ ಬರೆಯದಿರುವುದೂ ತಿಳಿಯುತ್ತದೆ. ಚೀಲ ಹಿಡಿಯಲು ಜನ ಬೇಕಿದ್ದರೆ ನಾನಿದ್ದೇನೆ.